ಒಂದೇ ಸರ್ವರ್‌ನಲ್ಲಿ ಹಾರ್ಡ್ ಡಿಸ್ಕ್‌ಗಳು ಮತ್ತೆ ಮತ್ತೆ ಕೆಡುತ್ತಿದ್ದರೆ ಎಲ್ಲೆಲ್ಲಿ ನೋಡಬೇಕು

ಚಿಕ್ಕಮಗಳೂರಿನ ನಮ್ಮ ಮನೆಯ ಅಟ್ಟದಲ್ಲಿ ನಾಲ್ಕು ಹಾರ್ಡ್ ಡಿಸ್ಕ್‌ಗಳ ಒಂದು ಸಣ್ಣ ಸರ್ವರ್ ಇದೆ. ತೋಟದ ಲೆಕ್ಕಪತ್ರಗಳ ಸ್ಕ್ಯಾನ್, ಮೂರು ತಲೆಮಾರಿನ ಫೋಟೊಗಳು, ಮದುವೆ ಮತ್ತು ಗೃಹಪ್ರವೇಶಗಳ ವಿಡಿಯೊ, ಗೇಟಿನ ಕ್ಯಾಮೆರಾದ ದೃಶ್ಯ ಎಲ್ಲವೂ ಅದರಲ್ಲಿವೆ. ಎರಡೂವರೆ ವರ್ಷದಲ್ಲಿ ಅದರ ನಾಲ್ಕು ಡಿಸ್ಕ್‌ಗಳು ಕೆಟ್ಟವು. ಮೊದಲನೆಯದು ಹೋದಾಗ ಗ್ರಹಚಾರ ಎಂದುಕೊಂಡೆ. ಎರಡನೆಯದು ಹೋದಾಗ ತಯಾರಕರನ್ನು ಬೈದು ಬೇರೆ ಕಂಪನಿಯದನ್ನು ತಂದೆ; ಅದೂ ಹನ್ನೊಂದು ತಿಂಗಳಿಗೆ ಮಲಗಿತು. ನಾಲ್ಕನೆಯದನ್ನು ಬಿಚ್ಚುವ ಹೊತ್ತಿಗೆ ನನಗೆ ಹೊಳೆದದ್ದೇನೆಂದರೆ, ಕೆಟ್ಟ ನಾಲ್ಕರಲ್ಲಿ ಮೂರು ಡಿಸ್ಕ್‌ಗಳು ಮೂರನೇ ಸ್ಲಾಟ್‌ನಲ್ಲಿ ಇದ್ದವು, ಉಳಿದೊಂದು ನಾಲ್ಕನೆಯದರಲ್ಲಿ. ಒಂದು ಮತ್ತು ಎರಡನೇ ಸ್ಲಾಟ್‌ಗಳಲ್ಲಿದ್ದ ಅದೇ ವಯಸ್ಸಿನ ಡಿಸ್ಕ್‌ಗಳಿಗೆ ಏನೂ ಆಗಿರಲಿಲ್ಲ. ಪೆಟ್ಟಿಗೆಯೇ ಡಿಸ್ಕ್‌ಗಳನ್ನು ತಿನ್ನುತ್ತಿತ್ತು.

ಒಂದು ಡಿಸ್ಕ್ ಕೆಟ್ಟರೆ ದೋಷ ಬಹುಮಟ್ಟಿಗೆ ಡಿಸ್ಕ್‌ನದೇ. ಎರಡನೆಯದು ಕೆಟ್ಟಾಗ ಅನುಮಾನ ಪಡಬೇಕು. ಮೂರನೆಯದೂ ಅದೇ ಪೆಟ್ಟಿಗೆಯಲ್ಲಿ ಕೆಟ್ಟರೆ ಹೊಸ ಡಿಸ್ಕ್ ತರಿಸುವುದನ್ನು ನಿಲ್ಲಿಸಿ, ಕರೆಂಟು, ಕೇಬಲ್, ತೇವ, ಅಲುಗಾಟ ಮತ್ತು ಸಾಫ್ಟ್‌ವೇರಿನ ಹೊಂದಾಣಿಕೆಗಳನ್ನು ಒಂದೊಂದಾಗಿ ನೋಡಬೇಕು. ಅದನ್ನು ಮಾಡುವ ಬಗೆಯನ್ನು ಮುಂದೆ ವಿವರಿಸಿದ್ದೇನೆ. ಇದರಲ್ಲಿ ಕರೆಂಟಿನ ಭಾಗ ಉಳಿದವುಗಳಿಗಿಂತ ದೊಡ್ಡದಾಗಿದೆ. ಮಲೆನಾಡಿನಲ್ಲಿ ವಾಸಿಸುವವರಿಗೆ ಅದರ ಕಾರಣವನ್ನು ಹೇಳಬೇಕಾಗಿಲ್ಲ.

ಮೊದಲು ಡೇಟಾ, ಆಮೇಲೆ ತನಿಖೆ

ಹಲವು ಡಿಸ್ಕ್‌ಗಳನ್ನು ಒಂದಾಗಿ ಜೋಡಿಸಿ, ಒಂದು ಕೆಟ್ಟರೂ ಡೇಟಾ ಉಳಿಯುವಂತೆ ಮಾಡುವ ರೇಡ್ ವ್ಯವಸ್ಥೆಯಲ್ಲಿ ಒಂದು ಡಿಸ್ಕ್ ಹೊರಬಿದ್ದ ಕೂಡಲೇ ಹೊಸದೊಂದನ್ನು ಹಾಕಿ ‘ರೀಬಿಲ್ಡ್’ ಒತ್ತುವುದು ಎಲ್ಲರ ಮೊದಲ ಪ್ರವೃತ್ತಿ. ಪೆಟ್ಟಿಗೆಯ ಮೇಲೇ ಅನುಮಾನವಿರುವಾಗ ಇದು ಅಪಾಯಕಾರಿ. ರೀಬಿಲ್ಡ್ ಎಂದರೆ ಹೊಸ ಡಿಸ್ಕ್ ತುಂಬಿಸಲು ಉಳಿದ ಎಲ್ಲ ಡಿಸ್ಕ್‌ಗಳನ್ನು ತುದಿಯಿಂದ ತುದಿಯವರೆಗೆ ಗಂಟೆಗಟ್ಟಲೆ ಓದಿಸುವ ಕೆಲಸ. ಮೊದಲ ಡಿಸ್ಕನ್ನು ಕೆಡಿಸಿದ ಕಾರಣ ಅಲ್ಲೇ ಇರುವಾಗ ಆ ಹೊರೆಯಲ್ಲಿ ಎರಡನೆಯದೂ ಹೋದರೆ ಒಂದೇ ಡಿಸ್ಕ್‌ನ ನಷ್ಟವನ್ನು ತಾಳುವ ರೇಡ್ ಐದರಲ್ಲಿ ಏನೂ ಉಳಿಯುವುದಿಲ್ಲ. ಆದ್ದರಿಂದ ಇನ್ನೂ ತೆರೆಯುತ್ತಿರುವ ಕಡತಗಳನ್ನು ಯುಎಸ್‌ಬಿ ಡಿಸ್ಕ್‌ಗೋ ಇನ್ನೊಂದು ಕಂಪ್ಯೂಟರಿಗೋ ನಕಲು ಮಾಡಿಕೊಳ್ಳುವುದು ಮೊದಲ ಕೆಲಸ. ರೇಡ್ ಬ್ಯಾಕಪ್ ಅಲ್ಲ ಎಂಬ ಮಾತು ಎಲ್ಲರಿಗೂ ಗೊತ್ತಿದ್ದರೂ ಅದನ್ನು ನಂಬುವವರು ಕಡಿಮೆ, ನಾನೂ ನಂಬಿರಲಿಲ್ಲ.

ಓದುವಾಗಲೇ ತಡವರಿಸುತ್ತಿರುವ ಡಿಸ್ಕ್ ಆಗಿದ್ದರೆ ಮಾಮೂಲಿ ಕಾಪಿ ಬೇಡ. ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶ ಸುಲಭವಾಗಿ ಓದಬಲ್ಲ ಭಾಗಗಳನ್ನು ಮೊದಲು ತೆಗೆದುಕೊಂಡು, ಕೆಟ್ಟ ಭಾಗಗಳ ನಕ್ಷೆಯನ್ನು ಬರೆದಿಟ್ಟುಕೊಂಡು, ಅವುಗಳನ್ನು ಕೊನೆಯಲ್ಲಿ ಮತ್ತೆ ಪ್ರಯತ್ನಿಸುತ್ತದೆ. ನಡುವೆ ಕರೆಂಟು ಹೋದರೂ ನಕ್ಷೆ ಇರುವುದರಿಂದ ಬಿಟ್ಟಲ್ಲಿಂದ ಮುಂದುವರಿಸಬಹುದು. ಡಿಸ್ಕ್ ಟಿಕ್ ಟಿಕ್ ಎಂದು ಒಂದೇ ಲಯದಲ್ಲಿ ಬಡಿಯುತ್ತಿದ್ದರೆ ಮಾತ್ರ ಅದಕ್ಕೂ ಹೋಗದೆ ಆಫ್ ಮಾಡಬೇಕು. ಅದರಲ್ಲಿರುವುದು ಬೆಲೆಬಾಳುವ ಡೇಟಾ ಆಗಿದ್ದರೆ ಡೇಟಾ ರಿಕವರಿ ಮಾಡುವವರ ಬಳಿಗೆ ಆ ಸ್ಥಿತಿಯಲ್ಲೇ ಹೋಗಬೇಕು.

ಮಳೆ ಪುಸ್ತಕದ ಪಕ್ಕದಲ್ಲಿ ಇನ್ನೊಂದು ಪುಸ್ತಕ

ನಮ್ಮ ಕಡೆ ಕಾಫಿ ತೋಟವಿರುವ ಮನೆಗಳಲ್ಲಿ ಬೆಳಿಗ್ಗೆ ಮಳೆ ಅಳೆದು ಇಷ್ಟು ಇಂಚು ಇಷ್ಟು ಸೆಂಟ್ಸ್ ಎಂದು ಬರೆದಿಡುವ ರೂಢಿ ಇದೆ. ಸರ್ವರಿಗೂ ಅಂಥದೊಂದು ಪುಸ್ತಕ ಬೇಕು. ಪ್ರತಿ ಡಿಸ್ಕ್‌ನ ಸೀರಿಯಲ್ ನಂಬರಿನ ಕೊನೆಯ ನಾಲ್ಕು ಅಕ್ಷರ, ಅದು ಕುಳಿತಿರುವ ಸ್ಲಾಟ್, ಅದಕ್ಕೆ ಹೋಗುವ ಡೇಟಾ ಕೇಬಲ್, ಅದಕ್ಕೆ ಕರೆಂಟು ಕೊಡುವ ವೈರು, ಹಾಕಿದ ದಿನ, ಕೆಟ್ಟ ದಿನ, ಆ ದಿನದ ಹವೆ ಮತ್ತು ಕರೆಂಟಿನ ಸ್ಥಿತಿ ಇಷ್ಟನ್ನು ಬರೆದರೆ ಸಾಕು. ಡಿಸ್ಕ್‌ನ ಅಂಚಿಗೂ ಟ್ರೇಗೂ ಅದೇ ನಾಲ್ಕು ಅಕ್ಷರಗಳ ಚೀಟಿ ಅಂಟಿಸಿ; ಇಲ್ಲದಿದ್ದರೆ ಒಂದು ದಿನ ಕೆಟ್ಟ ಡಿಸ್ಕ್ ಎಂದುಕೊಂಡು ಒಳ್ಳೆಯದನ್ನು ಎಳೆದುಬಿಡುತ್ತೀರಿ.

ನಾನು ಹಳೆಯ ಇಮೇಲ್‌ಗಳನ್ನೂ ಬಿಲ್‌ಗಳನ್ನೂ ಹುಡುಕಿ ಹಿಂದಿನ ನಾಲ್ಕೂ ಘಟನೆಗಳನ್ನು ತುಂಬಿಸಿ ನೋಡಿದಾಗ, ಒಂದು ಏಪ್ರಿಲ್‌ನ ಹೂಮಳೆಯ ಸಿಡಿಲಿನ ವಾರದ್ದು, ಎರಡು ಆರಿದ್ರ ಮತ್ತು ಪುನರ್ವಸು ಮಳೆಗಳಲ್ಲಿ ದಿನಕ್ಕೆ ಹತ್ತಾರು ಬಾರಿ ಕರೆಂಟು ಹೋಗಿ ಬಂದ ದಿನಗಳದ್ದು ಎಂದು ತಿಳಿಯಿತು. ಸ್ಲಾಟ್ ಮತ್ತು ಹವೆ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡದೆ ಇದು ಕಾಣುತ್ತಲೇ ಇರಲಿಲ್ಲ.

ಡಿಸ್ಕ್ ತನ್ನ ಬಗ್ಗೆ ತಾನೇ ಬರೆದಿಟ್ಟಿರುವುದು

ಹಾರ್ಡ್ ಡಿಸ್ಕ್‌ಗಳು ಸ್ಮಾರ್ಟ್ ಎಂಬ ಸ್ವಂತ ದಾಖಲೆಯನ್ನು ಇಟ್ಟುಕೊಳ್ಳುತ್ತವೆ. ಲಿನಕ್ಸ್‌ನಲ್ಲಿ ಸ್ಮಾರ್ಟ್‌ಸಿಟಿಎಲ್ ಎಂಬ ಸಾಧನದಿಂದಲೂ, ನ್ಯಾಸ್ ಎಂಬ, ನೆಟ್‌ವರ್ಕಿಗೆ ಸೇರಿಸುವ ಸಿದ್ಧ ಡಿಸ್ಕ್ ಪೆಟ್ಟಿಗೆಗಳಲ್ಲಿ ಸ್ಟೋರೇಜ್ ಪುಟದಿಂದಲೂ, ವಿಂಡೋಸ್‌ನಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೊದಿಂದಲೂ ಅದನ್ನು ಓದಬಹುದು. ಮೇಲೆ ‘ಪಾಸ್ಡ್’ ಎಂದು ಬಂದಿರುವುದನ್ನು ನೋಡಿ ಮುಚ್ಚಿಬಿಡಬಾರದು. ಗೂಗಲ್ ತನ್ನ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳನ್ನು ಗಮನಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಟ್ಟ ಡಿಸ್ಕ್‌ಗಳ ಪೈಕಿ ಶೇ 36ಕ್ಕೂ ಹೆಚ್ಚಿನವು ಉಷ್ಣತೆಯೊಂದನ್ನು ಬಿಟ್ಟರೆ ಯಾವ ಸ್ಮಾರ್ಟ್ ಸೂಚನೆಯನ್ನೂ ಕೊಡದೆಯೇ ಹೋಗಿದ್ದವು. ಮೌನವಾಗಿರುವ ಡಿಸ್ಕ್ ಆರೋಗ್ಯವಾಗಿದೆ ಎಂದು ತಿಳಿಯಬಾರದು. ಆದರೆ ಅದು ಮಾತಾಡಿದರೆ ಗಂಭೀರವಾಗಿ ತೆಗೆದುಕೊಳ್ಳಬೇಕು.

ದೊಡ್ಡ ಪಟ್ಟಿಯಲ್ಲಿ ನೋಡಬೇಕಾದ ಸಾಲುಗಳು ಕೆಲವೇ. 5, 197 ಮತ್ತು 198ನೇ ಸಂಖ್ಯೆಯವು ತಟ್ಟೆಯ ಮೇಲ್ಮೈಗೆ ಸಂಬಂಧಿಸಿದವು: ಬದಲಿ ಜಾಗಕ್ಕೆ ಸರಿಸಿದ ಸೆಕ್ಟರ್‌ಗಳು (ಡೇಟಾ ಬರೆಯುವ ಪುಟ್ಟ ಪುಟ್ಟ ಭಾಗಗಳು), ಓದಲಾಗದೆ ತೀರ್ಮಾನಕ್ಕೆ ಕಾಯುತ್ತಿರುವವು, ಸರಿಪಡಿಸಲಾಗದವು. ಇವು ಸೊನ್ನೆಯಿಂದ ಮೇಲಕ್ಕೆ ಏರುತ್ತಿದ್ದರೆ ಡಿಸ್ಕ್ ನಿಜವಾಗಿಯೂ ಗಾಯಗೊಂಡಿದೆ. 199ನೆಯದು ಬೇರೆ ಜಾತಿಯದು. ಅದು ಡಿಸ್ಕ್ ಮತ್ತು ಬೋರ್ಡಿನ ನಡುವೆ ಸಾಗುವಾಗ ಕೆಟ್ಟ ಮಾಹಿತಿಯ ಲೆಕ್ಕ. ಅದು ಏರಿದರೆ ಮೊದಲು ಡೇಟಾ ಕೇಬಲ್, ಆಮೇಲೆ ಸ್ಲಾಟ್‌ನ ಹಿಂಬದಿಯ ಬೋರ್ಡು, ಆಮೇಲೆ ಡಿಸ್ಕ್‌ಗಳನ್ನು ನಿಯಂತ್ರಿಸುವ ಕಂಟ್ರೋಲರ್ ಎಂಬ ಕ್ರಮದಲ್ಲಿ ನೋಡಬೇಕು. ಈ ಲೆಕ್ಕ ಯಾವತ್ತೂ ಇಳಿಯುವುದಿಲ್ಲ, ಆದ್ದರಿಂದ ಸಂಖ್ಯೆ ಎಷ್ಟಿದೆ ಎಂಬುದಕ್ಕಿಂತ ಕೇಬಲ್ ಬದಲಿಸಿದ ಮೇಲೆ ಅದು ನಿಂತಿದೆಯೇ ಎಂಬುದು ಮುಖ್ಯ.

ನಮ್ಮಂಥವರಿಗೆ ಹೆಚ್ಚು ಕತೆ ಹೇಳುವುದು 9, 12 ಮತ್ತು 192. ಒಂಬತ್ತನೆಯದು ಓಡಿದ ಗಂಟೆಗಳು. ವರ್ಷವಿಡೀ ನಿಲ್ಲದೆ ಓಡಿದರೆ 8,760. ಹನ್ನೆರಡನೆಯದು ಎಷ್ಟು ಬಾರಿ ಕರೆಂಟು ಬಂದು ಚಾಲೂ ಆಯಿತೆಂಬ ಲೆಕ್ಕ. 192ನೆಯದು ಕರೆಂಟು ತಟಕ್ಕನೆ ಹೋಗಿ, ತಟ್ಟೆಯನ್ನು ಓದಿ ಬರೆಯುವ ತಲೆಗಳನ್ನು ಅವಸರದಲ್ಲಿ ಹಿಂದಕ್ಕೆಳೆದುಕೊಂಡ ಸಲಗಳ ಲೆಕ್ಕ. ಅಂಥ ಹೊತ್ತಿನಲ್ಲಿ ಡಿಸ್ಕ್ ಇನ್ನೂ ತಿರುಗುತ್ತಿರುವ ಮೋಟಾರಿನಿಂದಲೇ ವಿದ್ಯುತ್ ಹಿಂಡಿಕೊಂಡು ತಲೆಯನ್ನು ನಿಲ್ದಾಣಕ್ಕೆ ಸೇರಿಸುತ್ತದೆ. ಇದು ತುರ್ತಿಗೆ ಇರುವ ವ್ಯವಸ್ಥೆ, ದಿನನಿತ್ಯದ ಬಳಕೆಗೆ ಅಲ್ಲ. ನನ್ನ ಮೊದಲನೇ ಸ್ಲಾಟ್‌ನ ಡಿಸ್ಕ್‌ನಲ್ಲಿ 12ನೆಯದು 140ರ ಆಸುಪಾಸಿನಲ್ಲಿದ್ದರೆ, ಮೂರನೇ ಸ್ಲಾಟ್‌ನಲ್ಲಿ ಅದಕ್ಕಿಂತ ನಂತರ ಹಾಕಿದ ಡಿಸ್ಕ್‌ನಲ್ಲಿ 600 ದಾಟಿತ್ತು. ಒಂದೇ ಪೆಟ್ಟಿಗೆ, ಒಂದೇ ಸ್ವಿಚ್ಚು, ಆದರೂ ಒಂದು ಡಿಸ್ಕ್ ಮಾತ್ರ ನಾಲ್ಕು ಪಟ್ಟು ಹೆಚ್ಚು ಬಾರಿ ಆಫ್ ಆಗಿ ಆನ್ ಆಗಿದೆ ಎಂದರೆ ಆ ಡಿಸ್ಕ್‌ಗೆ ಹೋಗುವ ದಾರಿಯಲ್ಲೇ ಕರೆಂಟು ಕಡಿಯುತ್ತಿದೆ ಎಂದರ್ಥ. ನಿಮ್ಮ ಡಿಸ್ಕ್‌ಗಳ ಈ ಸಾಲನ್ನು ಒಂದರ ಪಕ್ಕ ಒಂದು ಬರೆದು ಹೋಲಿಸಿ ನೋಡಿ. ಐದು ನಿಮಿಷದ ಕೆಲಸ.

ಸೀಗೇಟ್ ಡಿಸ್ಕ್ ಇರುವವರಿಗೆ ಒಂದು ಸಮಾಧಾನ. ಅವುಗಳಲ್ಲಿ 1 ಮತ್ತು 7ನೇ ಸಾಲುಗಳಲ್ಲಿ ಕೋಟಿಗಟ್ಟಲೆ ಸಂಖ್ಯೆ ಕಾಣುತ್ತದೆ. ಅದು ತಪ್ಪುಗಳ ಎಣಿಕೆಯಷ್ಟೇ ಅಲ್ಲ, ಒಟ್ಟು ಕಾರ್ಯಗಳ ಎಣಿಕೆಯನ್ನೂ ಅದೇ ಸಂಖ್ಯೆಯೊಳಗೆ ಸೇರಿಸಿ ಬರೆಯುವ ಪದ್ಧತಿ. ಹೆದರಿ ಡಿಸ್ಕ್ ಎಸೆಯಬೇಡಿ.

ಸ್ಮಾರ್ಟ್ ಜೊತೆಗೆ, ಲಿನಕ್ಸ್ ತಾನೇ ಬರೆದಿಡುವ ಘಟನೆಗಳ ದಾಖಲೆಯಾದ ಕರ್ನೆಲ್ ಲಾಗ್ ಓದುವುದೂ ಅಗತ್ಯ. ದೋಷದ ಸಾಲಿನಲ್ಲಿ ಯುಎನ್‌ಸಿ ಎಂಬ ಅಕ್ಷರಗಳಿದ್ದರೆ ತಟ್ಟೆಯ ಮೇಲಿನ ಭಾಗ ಓದಲಾಗುತ್ತಿಲ್ಲ ಎಂದು ಅರ್ಥ. ಐಸಿಆರ್‌ಸಿ ಎಂದಿದ್ದರೆ ಕೇಬಲ್ ದಾರಿಯ ದೋಷ. ‘ಹಾರ್ಡ್ ರೀಸೆಟ್ಟಿಂಗ್ ಲಿಂಕ್’ ಎಂಬ ಸಾಲು ಒಂದೇ ಪೋರ್ಟಿನಲ್ಲಿ ಪದೇ ಪದೇ ಬರುತ್ತಿದ್ದರೆ ಆ ಪೋರ್ಟನ್ನೂ ಅದರ ಕರೆಂಟನ್ನೂ ನೋಡಿ. ಎರಡು ಮೂರು ಡಿಸ್ಕ್‌ಗಳು ಒಂದೇ ಸೆಕೆಂಡಿನಲ್ಲಿ ಕಾಣೆಯಾಗಿದ್ದರೆ ಅವೆಲ್ಲ ಒಟ್ಟಿಗೆ ಸತ್ತಿರಲಾರವು. ಅವುಗಳಿಗೆ ಸಾಮಾನ್ಯವಾದದ್ದು ಯಾವುದೋ ಅದನ್ನು ಹುಡುಕಬೇಕು.

ಜಾಗ ಬದಲಿಸಿ ನೋಡುವ ಪರೀಕ್ಷೆ

ಅನುಮಾನದ ಡಿಸ್ಕನ್ನು ಒಳ್ಳೆಯ ಸ್ಲಾಟಿಗೂ ಒಳ್ಳೆಯ ಡಿಸ್ಕನ್ನು ಅನುಮಾನದ ಸ್ಲಾಟಿಗೂ ಹಾಕಿ, ಕೇಬಲ್‌ಗಳನ್ನು ಮುಟ್ಟದೆ ಎರಡು ವಾರ ಓಡಿಸಿ. ತೊಂದರೆ ಡಿಸ್ಕ್‌ನ ಬೆನ್ನು ಹತ್ತಿ ಹೋದರೆ ಡಿಸ್ಕ್‌ನದೇ ದೋಷ. ತೊಂದರೆ ಸ್ಲಾಟ್‌ನಲ್ಲೇ ಉಳಿದರೆ, ಸ್ಲಾಟ್ ಬದಲಿಸದೆ ಡೇಟಾ ಕೇಬಲ್ ಮಾತ್ರ ಬದಲಿಸಿ ಮತ್ತೆ ನೋಡಿ, ಆಮೇಲೆ ಕರೆಂಟಿನ ವೈರು ಮಾತ್ರ. ಒಂದು ಸಲಕ್ಕೆ ಒಂದೇ ಬದಲಾವಣೆ. ತಾಳ್ಮೆ ಕೆಟ್ಟು ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ತೊಂದರೆ ಹೋದರೂ ಏಕೆ ಹೋಯಿತೆಂದು ಗೊತ್ತಾಗುವುದಿಲ್ಲ, ಮುಂದಿನ ಮಳೆಗಾಲದಲ್ಲಿ ಮತ್ತೆ ಮೊದಲಿನಿಂದ ಶುರು. ಈ ಪರೀಕ್ಷೆಗೆ ಬ್ಯಾಕಪ್ ಆಗಿರುವುದು ಕಡ್ಡಾಯ.

ಇದೇ ಹೊತ್ತಿನಲ್ಲಿ, ಕೆಟ್ಟಿದೆ ಎಂದು ತೆಗೆದಿಟ್ಟ ಡಿಸ್ಕ್‌ಗಳನ್ನು ಬೇರೆ ಕಂಪ್ಯೂಟರಿಗೆ ಹಾಕಿ ದೀರ್ಘ ಸ್ಮಾರ್ಟ್ ಪರೀಕ್ಷೆ ನಡೆಸಿ. ಡಿಸ್ಕ್ ದೊಡ್ಡದಾದಷ್ಟೂ ಇದು ಹೆಚ್ಚು ಹೊತ್ತು ಹಿಡಿಯುತ್ತದೆ. ರಾತ್ರಿ ಹಚ್ಚಿ ಮಲಗುವುದು ಒಳ್ಳೆಯದು. ನನ್ನ ನಾಲ್ಕರಲ್ಲಿ ಎರಡು ಒಂದೂ ದೋಷವಿಲ್ಲದೆ ಪಾಸಾದವು. ಹೊಸದನ್ನು ಕೊಳ್ಳಲು ಸುರಿದ ಹಣ ನೆನಪಾಗಿ ಸಂತೋಷವೂ ಸಿಟ್ಟೂ ಒಟ್ಟಿಗೆ ಬಂದವು.

ಕರೆಂಟು, ಪೆಟ್ಟಿಗೆಯ ಒಳಗೆ

ಮೂರೂವರೆ ಇಂಚಿನ ಡಿಸ್ಕ್ ನಿಶ್ಚಲ ಸ್ಥಿತಿಯಿಂದ ಪೂರ್ಣ ವೇಗಕ್ಕೆ ಏರುವ ಕೆಲವು ಸೆಕೆಂಡು 12 ವೋಲ್ಟ್ ತಂತಿಯಿಂದ ಸುಮಾರು ಒಂದೂವರೆಯಿಂದ ಎರಡು ಆಂಪಿಯರ್ ಎಳೆಯುತ್ತದೆ. ನಾಲ್ಕು ಡಿಸ್ಕ್‌ಗಳು ಒಟ್ಟಿಗೆ ಎದ್ದರೆ ಎಂಟು ಆಂಪಿಯರ್, ಅಂದರೆ 96 ವ್ಯಾಟ್ ಆ ಒಂದು ತಂತಿಯಿಂದಲೇ. ಓಡತೊಡಗಿದ ಮೇಲೆ ಇದರ ಸಣ್ಣ ಭಾಗ ಸಾಕು. ಹೀಗಾಗಿ ದಿನವಿಡೀ ಸರಿಯಾಗಿರುವ ಎಸ್‌ಎಂಪಿಎಸ್ (ಕಂಪ್ಯೂಟರಿನ ಪವರ್ ಸಪ್ಲೈ) ಡಿಸ್ಕ್‌ಗಳು ಎದ್ದೇಳುವ ಕ್ಷಣದಲ್ಲಿ ಮಾತ್ರ ಕುಸಿಯಬಹುದು. ಬೋರ್ಡ್ ಅಥವಾ ಕಂಟ್ರೋಲರಿನಲ್ಲಿ ಒಂದಾದ ಮೇಲೊಂದು ಡಿಸ್ಕ್ ಎಬ್ಬಿಸುವ ‘ಸ್ಟ್ಯಾಗರ್ಡ್ ಸ್ಪಿನ್ ಅಪ್’ ಸೌಲಭ್ಯ ಇದ್ದರೆ ಅದನ್ನು ಚಾಲೂ ಮಾಡಿ.

ಅಳತೆಗೆ ಒಂದು ಸಾಧಾರಣ ಮಲ್ಟಿಮೀಟರ್ ಸಾಕು, ಕನಿಷ್ಠ ಮೌಲ್ಯವನ್ನು ಹಿಡಿದಿಡುವ ಗುಂಡಿ ಇದ್ದರೆ ಉತ್ತಮ. ಡಿಸ್ಕ್‌ಗೆ ಹೋಗುವ ವೈರಿನ ತೀರ ಕೊನೆಯ ಖಾಲಿ ತುದಿಗೆ ಒಂದು ಮೊಲೆಕ್ಸ್ (ನಾಲ್ಕು ದಪ್ಪ ಪಿನ್‌ಗಳ ಹಳೆಯ ಬಗೆಯ ಕನೆಕ್ಟರ್) ಅಡಾಪ್ಟರ್ ಚುಚ್ಚಿ ಅಲ್ಲಿ ಅಳೆಯಿರಿ. ಡಿಸ್ಕ್‌ಗೆ ಚುಚ್ಚುವ ಸಾಟಾ ಕನೆಕ್ಟರಿನ ಕಿರಿದಾದ ಪಿನ್‌ಗಳಿಗೆ ನೇರವಾಗಿ ಮೀಟರಿನ ಮೊನೆ ಹಾಕಿ ಶಾರ್ಟ್ ಮಾಡಿಕೊಳ್ಳಬೇಡಿ. ಹಳದಿ ಮತ್ತು ಕಪ್ಪು ತಂತಿಗಳ ನಡುವೆ 12 ವೋಲ್ಟ್, ಕೆಂಪು ಮತ್ತು ಕಪ್ಪಿನ ನಡುವೆ 5 ವೋಲ್ಟ್. ಕಂಪ್ಯೂಟರ್ ಪವರ್ ಸಪ್ಲೈಗಳಿಗಿರುವ ಎಟಿಎಕ್ಸ್ ನಿಯಮದ ಶೇ 5ರ ಮಿತಿಯಂತೆ ಹಳದಿ 11.4ಕ್ಕಿಂತಲೂ ಕೆಂಪು 4.75ಕ್ಕಿಂತಲೂ ಕೆಳಗೆ ಇಳಿಯಬಾರದು. ಎಸ್‌ಎಂಪಿಎಸ್‌ನ ಬುಡದಲ್ಲೂ ವೈರಿನ ತುದಿಯಲ್ಲೂ ಎರಡು ಕಡೆ ಅಳೆಯುವುದು ಮುಖ್ಯ. ಎರಡೂ ಕಡೆ ಕಡಿಮೆ ಇದ್ದರೆ ಎಸ್‌ಎಂಪಿಎಸ್ ದುರ್ಬಲವಾಗಿದೆ. ಬುಡದಲ್ಲಿ ಸರಿಯಿದ್ದು ತುದಿಯಲ್ಲಿ ಕಡಿಮೆ ಇದ್ದರೆ ನಡುವಿನ ಜೋಡಣೆ ಕೆಟ್ಟಿದೆ. ನಮ್ಮಲ್ಲಿ ಬುಡದಲ್ಲಿ 11.9, ತುದಿಯಲ್ಲಿ 10.9 ಬಂತು.

ಆ ಒಂದು ವೋಲ್ಟ್ ಎಲ್ಲಿ ಹೋಯಿತೆಂದು ಹುಡುಕಿದಾಗ ಸಿಕ್ಕಿದ್ದು ಒಂದು ಸ್ಪ್ಲಿಟರ್ ವೈರು. ಮೂರನೇ ಮತ್ತು ನಾಲ್ಕನೇ ಸ್ಲಾಟ್‌ಗಳಿಗೆ ಒಂದೇ ಮೊಲೆಕ್ಸ್ ತುದಿಯಿಂದ ಕವಲು ತೆಗೆದಿದ್ದ ಅದನ್ನು ಎಳೆದಾಗ ಸುಲಭಕ್ಕೆ ಬಿಚ್ಚಲಿಲ್ಲ. ಬಿಚ್ಚಿದ ಮೇಲೆ ನೋಡಿದರೆ, ಬಿಳಿಯ ಪ್ಲಾಸ್ಟಿಕ್ಕು ಹಳದಿ ತಂತಿಯ ತೂತಿನ ಸುತ್ತ ಮಾತ್ರ ಹಳೇ ಡಿಕಾಕ್ಷನ್ ಬಣ್ಣಕ್ಕೆ ತಿರುಗಿ ಸ್ವಲ್ಪ ಜಗ್ಗಿಕೊಂಡಿತ್ತು. ಮೂಗಿನ ಹತ್ತಿರ ಹಿಡಿದರೆ ಸುಟ್ಟ ರಬ್ಬರಿನ ವಾಸನೆ. ಒಳಗಿನ ಲೋಹದ ಕೊಳವೆ ಸಡಿಲವಾಗಿ, ಸಡಿಲದಿಂದ ಬಿಸಿಯಾಗಿ, ಬಿಸಿಯಿಂದ ಮತ್ತಷ್ಟು ಸಡಿಲವಾಗುತ್ತ ಹೋಗಿದೆ. ಮೂರನೇ ಮತ್ತು ನಾಲ್ಕನೇ ಸ್ಲಾಟ್‌ಗಳಷ್ಟೇ ಏಕೆ ಎಂಬ ಪ್ರಶ್ನೆಗೆ ಉತ್ತರ ಅಂಗೈ ಮೇಲಿತ್ತು. ಇಂಥ ಸ್ಪ್ಲಿಟರ್‌ಗಳನ್ನು ಸಾಧ್ಯವಾದಷ್ಟು ಬಳಸದೆ ಎಸ್‌ಎಂಪಿಎಸ್‌ನಿಂದ ನೇರವಾಗಿ ಬರುವ ಸಾಟಾ ತುದಿಗಳನ್ನೇ ಬಳಸುವುದು ಒಳಿತು. ಬೇಕೇ ಬೇಕೆಂದರೆ, ಪ್ಲಾಸ್ಟಿಕ್ ಕರಗಿಸಿ ಎರಕ ಹೊಯ್ದಂತಿರುವ ಕನೆಕ್ಟರಿನದನ್ನು ಬಿಟ್ಟು, ತಂತಿಯನ್ನು ಒತ್ತಿ ಕೂರಿಸಿ ಹಿಂದೆ ಮುಚ್ಚಳ ಹಾಕಿದ ಬಗೆಯದನ್ನು ಕೊಳ್ಳಿ. ಎರಕದವುಗಳಲ್ಲಿ ತಂತಿಗಳು ಒಳಗೇ ಒಂದಕ್ಕೊಂದು ಹತ್ತಿರ ಸರಿದು ಶಾರ್ಟ್ ಆಗಿ ಬೆಂಕಿ ಹತ್ತಿದ ಪ್ರಸಂಗಗಳಿವೆ. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ತೆರೆಯಬೇಡಿ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ವೋಲ್ಟೇಜ್ ಉಳಿದಿರುತ್ತದೆ.

ಇಲ್ಲಿಯೇ ಹೇಳಬೇಕಾದ ಇನ್ನೊಂದು ಸಂಗತಿ: ಹೊಸ ಡಿಸ್ಕ್ ಮೊದಲ ದಿನವೇ ತಿರುಗದಿದ್ದರೆ ಅದು ಸತ್ತೇ ಬಂದಿದೆ ಎನ್ನಬೇಡಿ. ಸರ್ವರ್‌ಗಳಿಗೆಂದು ಮಾಡಿದ ಕೆಲವು ಡಿಸ್ಕ್‌ಗಳು ಸಾಟಾ ಕರೆಂಟಿನ ಮೂರನೇ ಪಿನ್‌ನಲ್ಲಿ 3.3 ವೋಲ್ಟ್ ಬಂದರೆ ಅದನ್ನು ಆಫ್ ಆಗು ಎಂಬ ಆಜ್ಞೆಯಾಗಿ ತಿಳಿಯುತ್ತವೆ. ಹಳೆಯ ಎಸ್‌ಎಂಪಿಎಸ್‌ಗಳು ಆ ಪಿನ್‌ಗೆ 3.3 ವೋಲ್ಟ್ ಕೊಡುತ್ತಲೇ ಇರುತ್ತವೆ.

ಕರೆಂಟು, ಗೋಡೆಯಿಂದ ಈಚೆಗೆ

ಬಹಳಷ್ಟು ಮನೆಗಳಲ್ಲಿ ಸರ್ವರ್ ಮನೆಯ ಇನ್ವರ್ಟರಿನ ಲೈನಿಗೇ ಸೇರಿರುತ್ತದೆ, ಅದೇ ಯುಪಿಎಸ್ ಎಂದು ನಾವು ನೆಮ್ಮದಿಯಾಗಿರುತ್ತೇವೆ. ಇನ್ವರ್ಟರಿನ ಹಿಂಬದಿಯಲ್ಲಿ ಸಾಮಾನ್ಯವಾಗಿ ಎರಡು ಸ್ಥಿತಿಯ ಒಂದು ಸ್ವಿಚ್ಚು ಇರುತ್ತದೆ. ಮಾಮೂಲಿ ಸ್ಥಿತಿಯಲ್ಲಿ ಅದು ಸುಮಾರು 100ರಿಂದ 290 ವೋಲ್ಟ್‌ವರೆಗಿನ ಯಾವ ಕರೆಂಟನ್ನಾದರೂ ಹಾಗೆಯೇ ಒಳಗೆ ಬಿಡುತ್ತದೆ, ಬ್ಯಾಟರಿಗೆ ಬದಲಾಗಲು ಹಲವು ಹತ್ತು ಮಿಲಿಸೆಕೆಂಡು ತೆಗೆದುಕೊಳ್ಳುತ್ತದೆ. ಯುಪಿಎಸ್ ಸ್ಥಿತಿಯಲ್ಲಿ ಸುಮಾರು 180ರಿಂದ 260ರ ಒಳಗಿನದನ್ನು ಮಾತ್ರ ಒಪ್ಪುತ್ತದೆ, ಬದಲಾವಣೆಯೂ ಬೇಗ. ಎಟಿಎಕ್ಸ್ ಎಸ್‌ಎಂಪಿಎಸ್ ಪೂರ್ಣ ಹೊರೆಯಲ್ಲಿ ಕರೆಂಟಿಲ್ಲದೆ ತಾಳಿಕೊಳ್ಳಬೇಕಾದ ಅವಧಿ ಕೇವಲ 16–17 ಮಿಲಿಸೆಕೆಂಡು. ಬಲ್ಬಿಗೂ ಫ್ಯಾನಿಗೂ ತಿಳಿಯದ ಆ ಅಂತರದಲ್ಲಿ ಸರ್ವರ್ ಬೀಳುತ್ತದೆ.

ಹಾಗಾದರೆ ಸ್ವಿಚ್ಚನ್ನು ಆ ಕಡೆ ಒತ್ತಿದರಾಯಿತಲ್ಲ ಎಂದು ನಾನೂ ಅಂದುಕೊಂಡಿದ್ದೆ. ಇನ್ವರ್ಟರ್ ಕೂರಿಸಿದ ಎಲೆಕ್ಟ್ರಿಷಿಯನ್ ತಲೆಯಾಡಿಸಿ, ‘ಸಾರ್, ಸಾಯಂಕಾಲ ಇಲ್ಲಿ ಬರೋದೇ ನೂರಾ ಅರವತ್ತು. ಆ ಮೋಡಲ್ಲಿ ಇಟ್ರೆ ಕರೆಂಟ್ ಇದ್ರೂ ಬ್ಯಾಟ್ರಿ ಮೇಲೇ ಓಡ್ತದೆ, ಒಂಬತ್ತು ಗಂಟೆಗೆ ಮನೆ ಕತ್ತಲೆ’ ಎಂದರು. ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಅದಕ್ಕೆ ಪರಿಹಾರ, ಮನೆಯ ಇನ್ವರ್ಟರನ್ನು ಅದರ ಪಾಡಿಗೆ ಬಿಟ್ಟು ಸರ್ವರಿಗೆ ಮಾತ್ರ ಒಂದು ಪುಟ್ಟ ಲೈನ್ ಇಂಟರ್‌ಆ್ಯಕ್ಟಿವ್ ಯುಪಿಎಸ್ ಇಡುವುದು. ಇದರಲ್ಲಿ ಕಡಿಮೆ ವೋಲ್ಟೇಜನ್ನು ಬ್ಯಾಟರಿ ಮುಟ್ಟದೆಯೇ ಏರಿಸಿಕೊಳ್ಳುವ ವ್ಯವಸ್ಥೆ ಇರುತ್ತದೆ. ಈ ಯುಪಿಎಸ್‌ಗೆ ಕರೆಂಟು ಕೊಡುವ ಮನೆಯ ಇನ್ವರ್ಟರ್ ಶುದ್ಧ ಸೈನ್ ವೇವ್ ಬಗೆಯದಾಗಿರಬೇಕು. ಸ್ಕ್ವೇರ್ ವೇವ್ ಇನ್ವರ್ಟರಿನ ಮುಂದೆ ಇಂಥ ಯುಪಿಎಸ್ ಗಲಿಬಿಲಿಗೊಂಡು ಸದಾ ಕಿರುಗುಟ್ಟುತ್ತಿರುತ್ತದೆ. ಯುಎಸ್‌ಬಿ ತಂತಿಯನ್ನು ಸರ್ವರಿಗೆ ಜೋಡಿಸಿ, ನಟ್ ಎಂಬ ತಂತ್ರಾಂಶದ ಮೂಲಕ, ಕರೆಂಟು ಹೋಗಿ ಮೂರು ನಿಮಿಷಕ್ಕೂ ಬಾರದಿದ್ದರೆ ತಾನಾಗಿ ಶಟ್‌ಡೌನ್ ಆಗುವಂತೆ ಮಾಡಿ. ಬಯಾಸ್‌ನಲ್ಲಿ ಕರೆಂಟು ಬಂದ ಕೂಡಲೇ ಎದ್ದೇಳುವ ಹೊಂದಾಣಿಕೆಯನ್ನು ತೆಗೆದುಬಿಡಿ. ಮಳೆಗಾಲದಲ್ಲಿ ಬಂದ ಕರೆಂಟು ಹತ್ತು ನಿಮಿಷ ನಿಲ್ಲುವವರೆಗೆ ಬಂದಂತೆ ಅಲ್ಲ.

ಅರ್ಥಿಂಗ್ ಪರೀಕ್ಷೆ ಸುಲಭ. ಸಾಕೆಟ್ಟಿನಲ್ಲಿ ಫೇಸ್ ಮತ್ತು ನ್ಯೂಟ್ರಲ್ ನಡುವೆ ಬರುವಷ್ಟೇ ಹೆಚ್ಚುಕಡಿಮೆ ಫೇಸ್ ಮತ್ತು ಅರ್ಥ್ ನಡುವೆಯೂ ಬರಬೇಕು. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎರಡು ಮೂರು ವೋಲ್ಟ್‌ಗಿಂತ ಹೆಚ್ಚಿರಬಾರದು. ಸರ್ವರಿನ ಕಬ್ಬಿಣದ ಮೈ ಮುಟ್ಟಿದರೆ ಜುಮ್ಮೆನ್ನುತ್ತಿದ್ದರೆ ಅರ್ಥ್ ಇಲ್ಲವೆಂದೇ ತಿಳಿಯಿರಿ: ಎಸ್‌ಎಂಪಿಎಸ್‌ನ ಫಿಲ್ಟರ್ ಕೆಪಾಸಿಟರ್‌ಗಳು ಅರ್ಥ್ ಸಿಗದಾಗ ಪೆಟ್ಟಿಗೆಯನ್ನು ಮೇನ್ಸ್‌ನ ಅರ್ಧದಷ್ಟು, ಅಂದರೆ ಸುಮಾರು 115 ವೋಲ್ಟ್‌ನಲ್ಲಿ ತೇಲಿಸುತ್ತವೆ. ನಮ್ಮ ಅಟ್ಟದ ಸಾಕೆಟ್ಟಿನಲ್ಲಿ ಮೂರನೇ ತೂತು ಇತ್ತು, ಅದರ ಹಿಂದೆ ತಂತಿಯೇ ಇರಲಿಲ್ಲ. ಅರ್ಥ್ ಇಲ್ಲದ ಸ್ಪೈಕ್ ಗಾರ್ಡ್ ಹೆಸರಿಗೆ ಮಾತ್ರ ಗಾರ್ಡ್.

ಸಿಡಿಲು ಕರೆಂಟಿನ ತಂತಿಯಿಂದಲೇ ಬರಬೇಕೆಂದಿಲ್ಲ. ಗೇಟಿನ ಕ್ಯಾಮೆರಾದಿಂದಲೋ ಪಂಪ್‌ಹೌಸಿನಿಂದಲೋ ತೋಟದ ನಡುವೆ ಎಳೆದ ತಾಮ್ರದ ಲ್ಯಾನ್ ಕೇಬಲ್ ಅದಕ್ಕೆ ಒಳ್ಳೆಯ ದಾರಿ. ಹೊರಗಿನ ಎಳೆಗಳಿಗೆ ಫೈಬರ್ ಹಾಕಿ, ಇಲ್ಲವಾದರೆ ವೈರ್‌ಲೆಸ್ ಸೇತುವೆ ಇಡಿ.

ತೇವ, ಬಿಸಿ, ಎತ್ತರ

ಎತ್ತರದ ಮೇಲೆ ಆಪಾದನೆ ಹೊರಿಸುವವರನ್ನು ನಾನು ಕಂಡಿದ್ದೇನೆ. ಗಾಳಿ ತುಂಬಿದ ಡಿಸ್ಕ್‌ಗಳನ್ನು ಸುಮಾರು 3,000 ಮೀಟರ್‌ವರೆಗೆ ಓಡಲೆಂದೇ ಮಾಡಿರುತ್ತಾರೆ. 1,930 ಮೀಟರಿನ ಮುಳ್ಳಯ್ಯನಗಿರಿಯ ತುದಿಯಲ್ಲಿಟ್ಟರೂ ಎತ್ತರದಿಂದ ಅದಕ್ಕೇನೂ ಆಗದು.

ತೇವದ ವಿಷಯ ಹಾಗಲ್ಲ. ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆಯವರ ಮನೆಗಳಲ್ಲಿ ಜುಲೈನಲ್ಲಿ ಚರ್ಮದ ಚೀಲಕ್ಕೆ ಬೂಷ್ಟು ಬರುತ್ತದೆ. ಅದೇ ಗಾಳಿ ಡಿಸ್ಕ್‌ನ ಕೆಳಗಿನ ಬೋರ್ಡಿನ ಮೇಲೂ ಆಡುತ್ತದೆ. ಆ ಬೋರ್ಡನ್ನು ಬಿಚ್ಚಿದರೆ ಒಳಭಾಗವನ್ನು ಮುಟ್ಟುವ ಚಿಕ್ಕ ಚಿಕ್ಕ ಲೋಹದ ಪಟ್ಟಿಗಳು ಕಪ್ಪಾಗಿರುವುದು ಕಾಣಬಹುದು. ಮಳೆಗಾಲದಲ್ಲಿ ಸರ್ವರನ್ನು ಸುಮ್ಮನೆ ಆಫ್ ಮಾಡಿಡುವುದು ಸುರಕ್ಷಿತ ಎಂಬ ನಂಬಿಕೆ ತಪ್ಪು ಎಂಬುದು ನನ್ನ ಅಭಿಪ್ರಾಯ, ಅದಕ್ಕೆ ಲೆಕ್ಕವೂ ಇದೆ. 22 ಡಿಗ್ರಿಯಲ್ಲಿ ಶೇ 95 ತೇವಾಂಶವಿರುವ ಗಾಳಿಯನ್ನು 35 ಡಿಗ್ರಿಗೆ ಬಿಸಿ ಮಾಡಿದರೆ ಅದರ ಸಾಪೇಕ್ಷ ತೇವಾಂಶ ಶೇ 45ರ ಹತ್ತಿರಕ್ಕೆ ಇಳಿಯುತ್ತದೆ. ಓಡುತ್ತಿರುವ ಡಿಸ್ಕ್ ತನ್ನ ಸುತ್ತಲಿನ ಗಾಳಿಯನ್ನು ತಾನೇ ಒಣಗಿಸಿಕೊಳ್ಳುತ್ತದೆ. ಯುಪಿಎಸ್ ಸರಿಯಿದ್ದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಓಡಿಸಿಯೇ ಇಡಿ, ಡಿಸ್ಕ್‌ಗಳು ಬಿಡುವಿನಲ್ಲಿ ನಿದ್ದೆಗೆ ಜಾರುವ ಹೊಂದಾಣಿಕೆಯನ್ನೂ ತೆಗೆಯಿರಿ. ಕೊರಿಯರಿನಲ್ಲಿ ತಣ್ಣಗೆ ಬಂದ ಹೊಸ ಡಿಸ್ಕನ್ನು ಪೊಟ್ಟಣ ಒಡೆಯದೆ ಕೋಣೆಯಲ್ಲಿ ಅರ್ಧ ದಿನ ಇಟ್ಟು ಆಮೇಲೆ ಹಾಕಿ.

ಅರಸೀಕೆರೆ, ಕಡೂರು ಕಡೆಯ ಬಯಲುಸೀಮೆಯವರಿಗೆ ಇದಕ್ಕೆ ತದ್ವಿರುದ್ಧವಾದ ಸಮಸ್ಯೆ: ಬಿಸಿಲು ಮತ್ತು ಧೂಳು. ಸ್ಮಾರ್ಟ್‌ನ 194ನೇ ಸಾಲಿನಲ್ಲಿ ಉಷ್ಣತೆ 45 ಡಿಗ್ರಿ ದಾಟುತ್ತಿದ್ದರೆ ಫ್ಯಾನಿನ ಜಾಲರಿ ತೊಳೆಯುವ ಕಾಲ ಬಂದಿದೆ.

ಸಾಯದಿದ್ದರೂ ಸತ್ತಂತೆ ಕಾಣುವ ಡಿಸ್ಕ್‌ಗಳು

ಡೆಸ್ಕ್‌ಟಾಪಿಗೆಂದು ಮಾಡಿದ ಡಿಸ್ಕ್ ಒಂದು ಸೆಕ್ಟರನ್ನು ಓದಲಾಗದಿದ್ದರೆ ನಿಮಿಷಕ್ಕೂ ಹೆಚ್ಚು ಕಾಲ ಹಟ ಹಿಡಿದು ಪ್ರಯತ್ನಿಸುತ್ತಿರಬಹುದು. ಲಿನಕ್ಸ್ 30 ಸೆಕೆಂಡು ಕಾದು, ಉತ್ತರ ಬರಲಿಲ್ಲವೆಂದು ಲಿಂಕನ್ನು ರೀಸೆಟ್ ಮಾಡಿ, ಆಗಲೂ ಡಿಸ್ಕ್ ಸ್ಪಂದಿಸದಿದ್ದರೆ ಅದನ್ನು ರೇಡ್‌ನಿಂದ ಹೊರಹಾಕುತ್ತದೆ. ನ್ಯಾಸ್‌ಗೆಂದು ಮಾಡಿದ ಡಿಸ್ಕ್‌ಗಳು ಸಾಮಾನ್ಯವಾಗಿ 7 ಸೆಕೆಂಡಿಗೇ ಸೋಲೊಪ್ಪಿಕೊಂಡು ಉಳಿದದ್ದನ್ನು ರೇಡ್‌ಗೆ ಬಿಡುತ್ತವೆ. ಸ್ಮಾರ್ಟ್‌ಸಿಟಿಎಲ್‌ನಲ್ಲಿ ಎಸ್‌ಸಿಟಿ ಇಆರ್‌ಸಿ ಎಂಬ ಹೊಂದಾಣಿಕೆಯನ್ನು 70 ಎಂದು ಕೊಟ್ಟರೆ 7 ಸೆಕೆಂಡು ಎಂದರ್ಥ. ಅನೇಕ ಡಿಸ್ಕ್‌ಗಳಲ್ಲಿ ಕರೆಂಟು ಹೋದರೆ ಇದು ಅಳಿಸಿಹೋಗುವುದರಿಂದ ಪ್ರತಿ ಬೂಟ್‌ನಲ್ಲೂ ಮತ್ತೆ ಕೊಡುವಂತೆ ಮಾಡಬೇಕು. ಡಿಸ್ಕ್ ಇದನ್ನು ಒಪ್ಪದಿದ್ದರೆ ಲಿನಕ್ಸ್‌ನ ಕಾಯುವ ಅವಧಿಯನ್ನೇ 180 ಸೆಕೆಂಡಿಗೆ ಏರಿಸಿ.

ಎಸ್‌ಎಂಆರ್ ಎಂಬ, ಹೆಂಚು ಹೊದಿಸಿದಂತೆ ಸಾಲುಗಳನ್ನು ಒಂದರ ಮೇಲೊಂದು ಜಾರಿಸಿ ಬರೆಯುವ ಡಿಸ್ಕ್‌ಗಳದ್ದು ಇದೇ ಬಗೆಯ ಇನ್ನೊಂದು ತೊಂದರೆ. ನಡುವಿನ ಹೆಂಚು ಬದಲಿಸಲು ಮೇಲಿನ ಸಾಲನ್ನೆಲ್ಲ ಎತ್ತಬೇಕಾಗುವ ಹಾಗೆ, ರೀಬಿಲ್ಡ್‌ನ ಸತತ ಬರವಣಿಗೆಯಲ್ಲಿ ಇವು ಉಸಿರುಗಟ್ಟಿ ನಿಂತುಬಿಡುತ್ತವೆ, ರೇಡ್ ಇವನ್ನು ಕೆಟ್ಟವೆಂದು ಹೊರಗಿಡುತ್ತದೆ. 2020ರಲ್ಲಿ ವೆಸ್ಟರ್ನ್ ಡಿಜಿಟಲ್ ತನ್ನ ನ್ಯಾಸ್ ಶ್ರೇಣಿಯ ರೆಡ್ ಡಿಸ್ಕ್‌ಗಳಲ್ಲಿ 2ರಿಂದ 6 ಟಿಬಿಯ ಕೆಲವು ಮಾದರಿಗಳು ಎಸ್‌ಎಂಆರ್ ಎಂದು ಒಪ್ಪಿಕೊಂಡ ಮೇಲೆ, ಡಬ್ಬಿಯ ಮೇಲೆ ನ್ಯಾಸ್ ಎಂದಿದ್ದರೆ ಸಾಕೆಂಬ ಭರವಸೆ ಹೋಯಿತು. ಮಾದರಿ ಸಂಖ್ಯೆಯನ್ನು ತಯಾರಕರ ಪಟ್ಟಿಯಲ್ಲಿ ಹುಡುಕಿ, ಸಿಎಂಆರ್ (ಸಾಲುಗಳನ್ನು ಒಂದರ ಮೇಲೊಂದು ಜಾರಿಸದೆ ಬರೆಯುವ ಬಗೆ) ಎಂದು ಖಚಿತವಾದದ್ದನ್ನೇ ಕೊಳ್ಳಿ.

ಅಲುಗಾಟ, ಇರುವೆ, ಹೊಸ ಡಿಸ್ಕ್

ಡೇಟಾ ಸೆಂಟರಿನಲ್ಲಿ ಎಂಜಿನಿಯರ್ ಒಬ್ಬರು ಡಿಸ್ಕ್‌ಗಳ ಎದುರು ಗಟ್ಟಿಯಾಗಿ ಕಿರುಚಿ, ಅವುಗಳ ಪ್ರತಿಕ್ರಿಯೆ ನಿಧಾನವಾದದ್ದನ್ನು 2008ರಲ್ಲಿ ತೋರಿಸಿದ್ದರು. ಕಿರುಚಾಟಕ್ಕೇ ಹಾಗಾದರೆ, ಸರ್ವರಿಟ್ಟ ಹಲಗೆಯ ಮೇಲೇ ವೆಟ್ ಗ್ರೈಂಡರ್ ಇಡಬಾರದು ಎಂದು ಬೇರೆ ಹೇಳಬೇಕಿಲ್ಲ. ನಾಲ್ಕೂ ಸ್ಕ್ರೂ ಹಾಕಿ, ಅಡಿಗೆ ರಬ್ಬರ್ ಕೊಡಿ. ಬೆಚ್ಚಗಿನ ಪೆಟ್ಟಿಗೆ ಮಳೆಗಾಲದಲ್ಲಿ ಇರುವೆಗೂ ಹಲ್ಲಿಗೂ ಬಹಳ ಇಷ್ಟ. ಎಲ್ಲ ತೂತುಗಳಿಗೂ ಸೊಳ್ಳೆ ಪರದೆಯ ಜಾಲರಿ ಸಾಕು.

ಬದಲಿ ಡಿಸ್ಕ್‌ಗಳನ್ನು ಒಂದೇ ದಿನ ಒಂದೇ ಅಂಗಡಿಯಿಂದ ನಾಲ್ಕೂ ತರಬೇಡಿ. ಒಂದೇ ತಂಡದವು ಒಂದೇ ದೋಷವನ್ನು ಹೊತ್ತಿರಬಹುದು, ಕೊರಿಯರಿನಲ್ಲಿ ಒಂದೇ ಏಟನ್ನೂ ತಿಂದಿರಬಹುದು. ಬಂದ ಕೂಡಲೇ ಸೀರಿಯಲ್ ನಂಬರನ್ನು ತಯಾರಕರ ತಾಣದಲ್ಲಿ ಹಾಕಿ ವಾರಂಟಿ ನೋಡಿ, ಓಡಿದ ಗಂಟೆ ನೋಡಿ. 2025ರ ಆರಂಭದಲ್ಲಿ, ಬಳಸಿದ ಸೀಗೇಟ್ ಡಿಸ್ಕ್‌ಗಳ ಸ್ಮಾರ್ಟ್ ಲೆಕ್ಕವನ್ನು ಸೊನ್ನೆಗೆ ತಿದ್ದಿ ಹೊಸವೆಂದು ಮಾರಿದ್ದು ಬೆಳಕಿಗೆ ಬಂತು. ಆ ಕಂಪನಿಯ ಡಿಸ್ಕ್‌ಗಳೊಳಗಿನ ಫಾರ್ಮ್ ಎಂಬ ಬೇರೊಂದು ದಾಖಲೆಯಲ್ಲಿ ನಿಜವಾದ ಗಂಟೆಗಳು ಉಳಿದಿದ್ದವು, ಸ್ಮಾರ್ಟ್‌ಸಿಟಿಎಲ್‌ನ ಈಚಿನ ಆವೃತ್ತಿಗಳು ಅದನ್ನು ಓದುತ್ತವೆ. ಆಮೇಲೆ ಹೊಸ ಡಿಸ್ಕನ್ನು ಬ್ಯಾಡ್‌ಬ್ಲಾಕ್ಸ್ ಎಂಬ ತಂತ್ರಾಂಶದ ಬರೆದು ಓದುವ ಪರೀಕ್ಷೆಗೆ ಹಾಕಿ. 4 ಟಿಬಿಗೆ ಎರಡೂವರೆ ದಿನ ಹಿಡಿಯುತ್ತದೆ, ಡಿಸ್ಕ್‌ನಲ್ಲಿದ್ದದ್ದೆಲ್ಲ ಅಳಿಯುತ್ತದೆ; ಆದ್ದರಿಂದ ಖಾಲಿ ಡಿಸ್ಕ್ ಮೇಲೆ ಮಾತ್ರ.

ಸರಿಯಾಯಿತು ಎಂದು ಯಾವಾಗ ಹೇಳಬಹುದು? ನಾನು ಸ್ಪ್ಲಿಟರ್ ಕಿತ್ತೆಸೆದು, ಅರ್ಥ್ ಎಳೆಸಿ, ಯುಪಿಎಸ್ ಇಟ್ಟದ್ದು ಒಂದು ಫೆಬ್ರವರಿಯಲ್ಲಿ. ಮೊದಲ ತಿಂಗಳು ಏನೂ ಆಗದಿದ್ದುದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಹೂಮಳೆಯ ಗುಡುಗಿನಿಂದ ಹಿಡಿದು ಸೆಪ್ಟೆಂಬರ್ ಕೊನೆಯವರೆಗೆ ಪ್ರತಿ ಭಾನುವಾರ ನಾಲ್ಕೂ ಡಿಸ್ಕ್‌ಗಳ 12, 192, 197 ಮತ್ತು 199ನೇ ಸಾಲುಗಳನ್ನು ಪುಸ್ತಕದಲ್ಲಿ ಬರೆದೆ. ಆ ಅವಧಿಯಲ್ಲಿ 192, 197 ಮತ್ತು 199 ಎಲ್ಲೂ ಕದಲಲಿಲ್ಲ. 12ನೆಯದು ನಾಲ್ಕರಲ್ಲೂ ಸಮನಾಗಿ ಹತ್ತೊಂಬತ್ತು ಏರಿತ್ತು, ಯುಪಿಎಸ್ ತಾನಾಗಿ ಶಟ್‌ಡೌನ್ ಮಾಡಿದ ಸಲಗಳೂ ಹತ್ತೊಂಬತ್ತೇ. ಅಕ್ಟೋಬರಿನಲ್ಲಿ, ಬೇರೆ ಕಂಪ್ಯೂಟರಿನಲ್ಲಿ ಪಾಸಾಗಿದ್ದ ಆ ಎರಡು ‘ಕೆಟ್ಟ’ ಡಿಸ್ಕ್‌ಗಳಲ್ಲಿ ಒಂದನ್ನು ಬ್ಯಾಕಪ್ ಪೆಟ್ಟಿಗೆಗೆ ಹಾಕಿ ಮತ್ತೆ ಕೆಲಸಕ್ಕೆ ಹಚ್ಚಿದೆ.